ಎರಡು ತಂತಿ ಕಮ್ಮಿ

ನಮ್ಮೂರು ಭೇರ್ಯದಲ್ಲಿ ಎದುರುಮನೆ ದೊಡ್ಡವ್ವ ಹಾಲು ಕೊಡಲು ಬಂದಾಗಲೆಲ್ಲ ಜಗಲಿಯಲ್ಲಿ ನಿಂತು ನನ್ನ ಬೇಸ್ ಗಿಟಾರಿನ ತಂತಿ ಎಣಿಸುತ್ತಿದ್ದಳು. ನನ್ನ ಗೆಳೆಯನ ಗಿಟಾರಿನಲ್ಲಿ ಆರು ಕಂಡಿದ್ದಳು, ನನ್ನದರಲ್ಲಿ ನಾಲ್ಕು. "ಇನ್ನೆರಡು ಬರ್ನಿಲ್ವೇನಪ್ಪ?"

ನಾನು ಕ್ಯಾಸೆಟ್ಟು ಕೇಳಿ ಕೆಟ್ಟಿದ್ದ ಕಾಲ. ಮೈಸೂರಿನ ಯಾವುದೋ ಮುಚ್ಚಿಹೋದ ಆರ್ಕೆಸ್ಟ್ರಾದ ಹಳೇ ಬೇಸನ್ನು ತಂದು, ತುಕ್ಕು ಉಜ್ಜಿ, ವೈರು ಬೆಸೆದು, ಪಾಲಿಶ್ ಬಳಿದು, ಮಹಾ ವಿದ್ವಾಂಸನಂತೆ ಮೆರೆಯುತ್ತಿದ್ದೆ. "ಇದಕ್ಕಿರೋದೇ ನಾಲ್ಕು, ದೊಡ್ಡವ್ವ" ಎಂದರೆ, "ಅಂಗೇಳಿ ನಿಂಗೆ ಮಾರವ್ರೆ ಬುಡು" ಎಂದು ಮರುಗುತ್ತಿದ್ದಳು.

ಗಣೇಶನ ಪೆಂಡಾಲಿನಲ್ಲಿ ನಮ್ಮ ಮೊದಲ ಕಾರ್ಯಕ್ರಮ. ನಾನು ಹೊರಟಾಗ ದೊಡ್ಡವ್ವ ತೀರಿಹೋದ ತನ್ನ ಗಂಡನ ಸೈಕಲ್ಲಿನ ಎರಡು ಬ್ರೇಕ್ ವೈರುಗಳನ್ನು ಬಿಚ್ಚಿ ತಂದು ಕೈಗಿಟ್ಟಳು. "ಸದ್ಯಕ್ಕೆ ಇವ್ನ ಆಕೋ ಮಗ, ನಾಕ್ ಜನದ ಮುಂದೆ ಮರ್ವಾದೆ ಓಗ್ಬಾರ್ದು." ಜೇಬಿಗೆ ಹಾಕಿಕೊಂಡೆ.

ಅಂದು ಹಾಡಿದವನಿಗೆ ಚಪ್ಪಾಳೆ, ಡ್ರಮ್ಸಿನವನಿಗೆ ಸಿಳ್ಳೆ. ಬೇಸಿನ ತಗ್ಗು ದನಿ ಅವರ ಸದ್ದಿನಡಿ ಮುಳುಗಿ, ನಾನೂ ನುಡಿಸಿದೆ ಎಂಬುದೇ ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ದೊಡ್ಡವ್ವ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಕೂಗಿದಳು: "ನೋಡ್ರಪ್ಪಾ, ನಮ್ಮುಡ್ಗ ಎರಡು ತಂತಿ ಇಲ್ದೇನೇ ಇಷ್ಟು ನುಡಿಸ್ದ ಕಣ್ರೋ!"

ಇಡೀ ಪೆಂಡಾಲು ನನ್ನತ್ತ ತಿರುಗಿ ಚಪ್ಪಾಳೆ ತಟ್ಟಿತು. ಇದಕ್ಕೆ ನಾಲ್ಕೇ ತಂತಿ ಎಂದು ತಿದ್ದಲು ಬಾಯಿ ತೆರೆದವನು, ಮುಚ್ಚಿಕೊಂಡು ಕೈ ಮುಗಿದೆ.