ಹೋರಿಯ ಹೊಟ್ಟೆಯ ಕೆಳಗಿನ ಗುಲಾಬಿ

ಹಚ್ಚೆ ಹಾಕಿಸಿಕೊಳ್ಳುವವರಿಗೆ ನನ್ನದೊಂದು ಸಲಹೆ ಇದೆ. ಸೂಜಿ ಚರ್ಮಕ್ಕೆ ತಾಗುವ ಮೊದಲೇ ಚೌಕಾಶಿ ಮುಗಿದಿರಬೇಕು. ಅರ್ಧ ಚಿತ್ರ ಆದಮೇಲೆ ನಿಮ್ಮ ತೋಳು ಹಚ್ಚೆಯವನ ಕೈಯಲ್ಲಿರುತ್ತದೆ; ಮುಂದಿನ ಅಂಗಡಿಗೆ ಹೋಗುತ್ತೇನೆ ಎಂದು ಎದ್ದು ನಿಲ್ಲಲು ಬರುವುದಿಲ್ಲ.

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವುದರಿಂದ ಶುರು ಮಾಡಿ ಸ್ವಂತ ದಲಾಲಿ ಅಂಗಡಿ ಹಾಕಿದವನು ನಾನು. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಅದು ಒಣಗಿದೆಯೋ ಇಲ್ಲವೋ ಹೇಳಬಲ್ಲೆ. ಆದರೆ ನಾನು ಕುದುರಿಸಿದ ಅತ್ಯಂತ ಕಷ್ಟದ ವ್ಯವಹಾರ ಮೆಣಸಿನಕಾಯಿಯದಲ್ಲ. ನನ್ನ ಅಕ್ಕ ಮತ್ತು ಅವಳ ಗಂಡನ ನಡುವೆ, ಒಂದು ತೋಳಿನ ಮೇಲಿನ ಗೇಣುದ್ದದ ಜಾಗಕ್ಕಾಗಿ ನಡೆದದ್ದು.

ಅಕ್ಕನನ್ನು ಕೊಟ್ಟದ್ದು ಮೋಟೆಬೆನ್ನೂರಿಗೆ. ಅವಳ ಗಂಡನನ್ನು ನಾನು ಮಾವ ಎಂದೇ ಕರೆಯುವುದು, ಅವನು ನನ್ನನ್ನು ಅಳ್ಯಾ ಎಂದು. ಲಗ್ನಕ್ಕೆ ಮುಂಚೆ ಅವ್ವ ಹಚ್ಚೆ ಹಾಕುವಾಕೆಯನ್ನು ಮನೆಗೆ ಕರೆಸಿ ಅಕ್ಕನ ಎಡ ಮುಂಗೈ ಮೇಲೆ ಮಾವನ ಹೆಸರು ಬರೆಸಿದ್ದಳು. ಆ ಹಚ್ಚೆಯಾಕೆಗೆ ಓದು ಬರುತ್ತಿರಲಿಲ್ಲ. ಲಗ್ನಪತ್ರಿಕೆಯನ್ನು ಎದುರಿಗಿಟ್ಟುಕೊಂಡು ಕಂಡದ್ದನ್ನು ಕಂಡ ಹಾಗೆ ಚುಚ್ಚಿದಳು. ಹೀಗಾಗಿ ಮಾವನ ಹೆಸರಿನ ಮುಂದೆ ಅಚ್ಚಾಗಿದ್ದ ‘ಚಿ.’ ಎಂಬುದೂ ಅಕ್ಕನ ಕೈಗೆ ಬಂತು. ಮಾವನ ಮೀಸೆ ಬೆಳ್ಳಗಾದರೂ ಅಲ್ಲಿ ಅವನು ಚಿರಂಜೀವಿಯಾಗಿಯೇ ಉಳಿದ.

ನಮ್ಮಲ್ಲಿ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ರೇಶನ್ ಕಾರ್ಡಿನವರು ಬಂದರೂ, ಓಟಿನ ಪಟ್ಟಿಯವರು ಬಂದರೂ, ಗಂಡನ ಹೆಸರೇನು ಎಂದು ಕೇಳಿದೊಡನೆ ಅಕ್ಕ ಬಳೆಗಳನ್ನು ಮೇಲಕ್ಕೆ ಸರಿಸಿ ಕೈ ಮುಂದೆ ಚಾಚುತ್ತಿದ್ದಳು. ಅವರು ಬಗ್ಗಿ ಓದಿಕೊಂಡು ಬರೆದುಕೊಳ್ಳುತ್ತಿದ್ದರು. ಅವಳಿಗೆ ಅದು ಒಡವೆಯೂ ಹೌದು, ದಾಖಲೆಯೂ ಹೌದು.

ಊರಿಗೆ ಮೊಬೈಲು, ಫ್ಲೆಕ್ಸ್ ಬ್ಯಾನರು ಬಂದ ಹೊಸತರಲ್ಲಿ ಮಾವ ಒಂದು ಹೋರಿ ಕೊಂಡ. ಉಳುವುದಕ್ಕಲ್ಲ, ಓಡಿಸುವುದಕ್ಕೆ. ನಮ್ಮ ಕಡೆ ದೀಪಾವಳಿ ಆದಮೇಲೆ ಹೋರಿ ಹಬ್ಬ ನಡೆಯುತ್ತದೆ. ಕೊರಳಿಗೆ ಕೊಬ್ಬರಿ ಸರ ಕಟ್ಟಿ, ಬಲೂನು ತೊಡಿಸಿ, ಜನರ ನಡುವಿನ ಅಖಾಡದಲ್ಲಿ ಹೋರಿಯನ್ನು ಬಿಡುತ್ತಾರೆ. ಹಿಡಿದು ಕೊಬ್ಬರಿ ಹರಿಯಲು ಹುಡುಗರು ಮುಗಿಬೀಳುತ್ತಾರೆ. ಯಾರ ಕೈಗೂ ಸಿಗದ ಹೋರಿಗೆ ಬಹುಮಾನ. ಒಳ್ಳೆಯ ಹೋರಿಗೆ ಒಂದು ಹೆಸರು, ಅಭಿಮಾನಿಗಳು, ಅವರೆಲ್ಲರ ಮೈಮೇಲೆ ಒಂದೇ ಬಣ್ಣದ ಅಂಗಿ ಇರುತ್ತವೆ. ಮಾವನ ಹೋರಿಗೆ ಹೆಸರೊಂದು ಬಿಟ್ಟು ಎಲ್ಲವೂ ಇತ್ತು. ಯಾವ ಹೆಸರೂ ಅದರ ಗತ್ತಿಗೆ ಸಾಲದು ಎಂದು ಅವನು ತಡೆದಿದ್ದ.

ಆ ವರ್ಷ ರಾಣೆಬೆನ್ನೂರು ಸಂತೆಯಲ್ಲಿ ಮಾವ ಹಚ್ಚೆಯವನ ಮುಂದೆ ಕುಳಿತ. ಬ್ಯಾಟರಿ ಮಷೀನಿನವನು. ದರ ಕುದುರಿಸಲು ನನ್ನನ್ನು ಕರೆದೊಯ್ದಿದ್ದ.

“ಹೋರಿ ಐತೇನಪಾ?” ಎಂದು ಮಾವ ಕೇಳಿದ.

“ಆಕಳ ಐತ್ರಿ. ಹನಮಪ್ಪ ಅದಾನ, ಚೇಳ ಐತಿ, ಗುಲಾಬಿ ಐತಿ. ಆಕಳಕ್ಕ ಕೋಡ ಉದ್ದ ಎಳದ್ರ ಹೋರಿ ಆತು. ಕೆಚ್ಚಲ ಬಿಟ್ಟ ಹಾಕ್ತೇನಿ, ಕೈ ಕೊಡ್ರಿ.”

ಮಾವನ ಮುಂಗೈ ಮೇಲೆ ಕೋಡು ಚೆನ್ನಾಗಿಯೇ ಬಂತು, ಹೋರಿಯ ಭುಜವೂ ಬಂತು. ನಾನು ಪಕ್ಕದಲ್ಲಿ ಕುಳಿತು, ಇಷ್ಟು ದೊಡ್ಡ ಗಿರಾಕಿಗೆ ಇನ್ನಷ್ಟು ಬಿಡಬೇಕು ಎಂದು ವಾದ ಮಾಡುತ್ತಿದ್ದೆ. ಅವನೂ ಒಳ್ಳೆಯ ವಾದಗಾರ. ಅವನ ಗಮನ ನನ್ನ ಮೇಲೆ, ಕೈ ರೂಢಿಯ ಮೇಲೆ. ಮಾವ ಬಗ್ಗಿ ನೋಡುವ ಹೊತ್ತಿಗೆ ಹೋರಿಯ ಹೊಟ್ಟೆಯ ಕೆಳಗೆ ತುಂಬಿದ ಕೆಚ್ಚಲು ಇಳಿಬಿದ್ದಿತ್ತು.

ಮಾವ ಹೆಬ್ಬೆರಳಿನಿಂದ ಅದನ್ನು ಉಜ್ಜಿ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ: “ಇದನ್ನ ತೋರಿಸಿದ್ರ ಜನ ಹಾಲಿನ ತಂಬಿಗಿ ತರ್ತಾರಲೇ.”

“ಗುಲಾಬಿ ಮಾಡಿ ಕೊಡ್ತೇನ್ರಿ,” ಎಂದ ಅವನು, ಒಂದಿಷ್ಟೂ ಗಾಬರಿಯಾಗದೆ. “ನಾಕ ಮೊಲಿ ಅದಾವು, ನಾಕ ಎಸಳ ಆಗ್ತಾವು. ದೇವರಾಣಿ ಯಾರಿಗೂ ತಿಳಿಯಂಗಿಲ್ಲ.”

ಹಾಗೆಯೇ ಮಾಡಿದ. ಬಸ್ಸಿನಲ್ಲಿ ಮಾವ ನನ್ನ ಕೈ ಹಿಡಿದು, “ಅಳ್ಯಾ, ಇದು ನಮ್ಮಿಬ್ಬರೊಳಗ ಇರ್ಲಿ. ಹೋರಿ ಮರ್ಯಾದಿ ಪ್ರಶ್ನೆ,” ಎಂದ.

ಮನೆಯಲ್ಲಿ ಊಟಕ್ಕೆ ಕುಳಿತಾಗ ಅಕ್ಕ ತೋಳನ್ನು ನೋಡಿದಳು. ಹೋರಿಗೆ ಅವಳು ಏನೂ ಅನ್ನಲಿಲ್ಲ.

“ಗುಲಾಬಿ ಯಾರಿಗೆ?” ಎಂದಳು.

ಮಾವ ನನ್ನ ಮುಖ ನೋಡಿದ. ನಾನು ರೊಟ್ಟಿ ನೋಡಿದೆ. “ಹೋರಿಗೆ,” ಎಂದ.

“ನನ್ನ ಕೈಮ್ಯಾಲ ನೀವು ಅದೀರಿ. ನಿಮ್ಮ ಕೈಮ್ಯಾಲ ಹೋರಿ ಐತಿ. ಆಗ್ಲಿ, ಬ್ಯಾಡನ್ನಂಗಿಲ್ಲ. ಲಗ್ನ ಆದಾಗಿಂದ ನನಗ ಒಂದ ಹೂವ ತಂದ ಮಂದಿ ಅಲ್ಲ ನೀವು. ಆ ಹೋರಿಗೆ ಗುಲಾಬಿ.”

ಅಲ್ಲಿಗೆ ಅಕ್ಕ ಮಾವನ ಜೊತೆ ಮಾತು ಬಿಟ್ಟಳು. ಮನೆ ನಡೆಯಬೇಕಲ್ಲ, ಅದಕ್ಕಾಗಿ ಹೋರಿಯ ಮೂಲಕ ಮಾತಾಡುತ್ತಿದ್ದಳು. ಕೊಟ್ಟಿಗೆಯ ಬಾಗಿಲಲ್ಲಿ ನಿಂತು, “ಏ ಹೋರಿ, ರೊಟ್ಟಿ ಮುಚ್ಚಿಟ್ಟೇನಿ, ಉಣ್ಣಾಕ ಹೇಳು ನಿನ್ನ ಮಾಲಕಗ,” ಎನ್ನುವಳು. ಎರಡು ಮಾರು ಆಚೆ ಕುಳಿತ ಮಾವ, “ಹಸಿವಿಲ್ಲಂತ ಹೇಳು,” ಎಂದು ಹೋರಿಗೇ ಉತ್ತರ ಕೊಡುವನು. ಹೋರಿ ಇಬ್ಬರ ಮಾತನ್ನೂ ಸಮಾಧಾನದಿಂದ ಕೇಳುತ್ತ ಮೇವು ತಿನ್ನುತ್ತಿತ್ತು. ಅದರಷ್ಟು ಒಳ್ಳೆಯ ದಲ್ಲಾಳಿಯನ್ನು ನಾನು ಪೇಟೆಯಲ್ಲಿ ಕಂಡಿಲ್ಲ.

ಒಂದು ದಿನ ಅಕ್ಕ ಬ್ಯಾಡಗಿಗೆ ಬಂದು ನನ್ನ ಅಂಗಡಿಯ ಗಾದಿಯ ಮೇಲೆ ಕುಳಿತಳು. ಮೆಣಸಿನಕಾಯಿ ಘಾಟಿಗೆ ಕಣ್ಣೀರು ಬಂದಿದೆ ಎಂದಳು. ನಾನೂ ಹಾಗೇ ಅಂದುಕೊಂಡ ಹಾಗೆ ಮಾಡಿದೆ.

“ತಮ್ಮಾ, ಹಬ್ಬ ಮುಗೀಲಿ, ನಾ ನಿನ್ನ ಮನಿಗೆ ಬರಾಕಿ. ಮತ್ತ ಹೊಳ್ಳಿ ಹೋಗಾಕಿ ಅಲ್ಲ.”

ಇದು ಆಡಿ ಮರೆಯುವ ಮಾತಲ್ಲವೆಂದು ನನಗೆ ಗೊತ್ತಾಯಿತು. “ನಿನಗೇನ ಬೇಕು ಹೇಳು, ನಾ ಕೊಡಸ್ತೇನಿ,” ಎಂದೆ.

“ನನ್ನ ಹೆಸರು. ಅವರ ಕೈಮ್ಯಾಲ. ಹೋರಿಕ್ಕಿಂತ ಮ್ಯಾಲ.”

ಆ ವಾರ ಬ್ಯಾಡಗಿಗೂ ಮೋಟೆಬೆನ್ನೂರಿಗೂ ಓಡಾಡಿದೆ. ಮಾವನದು ಒಂದೇ ಹಟ: “ಹೆಂಡ್ತಿ ಹೆಸರ ಬರಸ್ಕೊಂಡ್ರ ಹೋರಿ ಮಂದಿ ನನ್ನ ಬದಕಾಕ ಬಿಡ್ತಾರೇನು?” ಮೇಲೆ ಬರೆಸೋಣವೆಂದರೆ ಜಾಗವೂ ಇರಲಿಲ್ಲ, ಕೋಡು ಮೊಣಕೈ ಮುಟ್ಟಿತ್ತು. ಕೊನೆಗೆ ಸೌದಾ ಹೀಗೆ ಕುದುರಿತು: ಹೆಸರು ಹೋರಿಯ ಕೆಳಗೆ, ಆದರೆ ಅಕ್ಷರ ದಪ್ಪ. ಎರಡೂ ಕಡೆಯವರು ಸ್ವಲ್ಪ ಸ್ವಲ್ಪ ಅತೃಪ್ತರಾಗಿ ಎದ್ದರೆ ಅದು ಒಳ್ಳೆಯ ವ್ಯವಹಾರ. ರಾಣೆಬೆನ್ನೂರಿನ ಹಚ್ಚೆಯವನು ಅಕ್ಷರದ ಲೆಕ್ಕದಲ್ಲಿ ದರ ಹೇಳಿದ. ಕೆಚ್ಚಲಿನ ಸಂಗತಿಯನ್ನು ಇಡೀ ಸಂತೆಗೆ ಹೇಳಲೇ ಎಂದು ಕೇಳಿದೆ. ಪುಕ್ಕಟೆ ಬರೆದುಕೊಟ್ಟ.

ಹೆಸರನ್ನು ಕಣ್ಣಾರೆ ನೋಡಿದ ಕೂಡಲೇ ಮಾತಾಡುತ್ತೇನೆ ಎಂದು ಅಕ್ಕ ಒಪ್ಪಿದ್ದಳು. ಆದರೆ ಮಾವ ಮನೆ ಮುಟ್ಟುವ ಮೊದಲೇ ಬಸ್ ಸ್ಟ್ಯಾಂಡಿನಲ್ಲಿ ಅಭಿಮಾನಿ ಹುಡುಗರು ಅವನ ತೋಳು ಹಿಡಿದರು.

“ಕಾಕಾ, ಅಂತೂ ಹೋರಿಗೆ ಹೆಸರ ಇಟ್ರಿ ನೋಡ್ರಿ. ಭಾಳ ಛಂದ ಐತಿ.”

ಹೋರಿಯ ಚಿತ್ರದ ಕೆಳಗಿರುವುದು ಹೋರಿಯ ಹೆಸರು; ನಮ್ಮ ಕಡೆಯ ಯಾರೇ ಆದರೂ ಹಾಗೆಯೇ ಓದುತ್ತಾರೆ. ಊರಿನಲ್ಲಿ ಅಕ್ಕ ಎಲ್ಲರಿಗೂ ವೈನಿ, ಇಲ್ಲವೆ ಕಾಕಿ. ಅವಳ ಹೆಸರು ಯಾರಿಗೂ ಗೊತ್ತಿರಲಿಲ್ಲ. ಹೆಂಡತಿಯದು ಎನ್ನಲು ಮಾವನಿಗೆ ನಾಲಿಗೆ ಹೊರಳಲಿಲ್ಲ. “ಹೂಂ,” ಎಂದುಬಿಟ್ಟ.

ಹುಡುಗರು ಚುರುಕು. ನಾಲ್ಕು ದಿನ ಕಳೆಯುವುದರೊಳಗೆ ಹೆದ್ದಾರಿಯ ಪಕ್ಕ ಫ್ಲೆಕ್ಸ್ ನಿಂತಿತು. ಮೇಲೆ ದೊಡ್ಡ ಅಕ್ಷರದಲ್ಲಿ ಅಕ್ಕನ ಹೆಸರು, ನಡುವೆ ಹೋರಿ, ಸುತ್ತಲೂ ತಂಪು ಕನ್ನಡಕ ಹಾಕಿದ ಹುಡುಗರ ಮುಖಗಳು. ಹೆಸರಿನ ಕೆಳಗೆ ‘ಮುಟ್ಟಿದರೆ ಕೆಟ್ಟೆ’ ಎಂದು ಬರೆಸಿದ್ದರು. ಅಂಗಿಗಳ ಬೆನ್ನ ಮೇಲೂ ಅದೇ ಹೆಸರು. ಅಕ್ಕ ಬಾವಿಗೆ ಹೋದರೂ ಅವಳ ಹೆಸರು ಎದುರಿಗೆ ಬರುತ್ತಿತ್ತು.

ಅಂದಿನಿಂದ ಅವಳು ಹೋರಿಯ ಜೊತೆಗೂ ಮಾತು ಬಿಟ್ಟಳು. ಬಟ್ಟೆಬರೆ ಗಂಟು ಕಟ್ಟಿ ಬಾಗಿಲ ಹಿಂದೆ ಇಟ್ಟಳು.

ಹಾವೇರಿಯಲ್ಲಿ ಹಬ್ಬ. ಹೋರಿಯ ಟ್ರ್ಯಾಕ್ಟರಿನಲ್ಲೇ ಅಕ್ಕನೂ ಗಂಟಿನ ಸಮೇತ ಬಂದಳು; ಹಬ್ಬ ಮುಗಿದ ಕೂಡಲೇ ನನ್ನ ಜೊತೆ ಬ್ಯಾಡಗಿ ಬಸ್ಸು ಹತ್ತುವುದೆಂದು ತೀರ್ಮಾನ. ಅಖಾಡದ ಪಕ್ಕದ ಟ್ರೇಲರಿನಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ನಾನು ಅವಳಿಗೆ ಶೇಂಗಾ ಕೊಡಿಸಿ, ಗಂಡಸರ ಸ್ವಭಾವದ ಬಗ್ಗೆ ನಾಲ್ಕು ಮಾತು ಹೇಳಿದೆ. ಅವಳು ಶೇಂಗಾ ಅಷ್ಟೇ ತೆಗೆದುಕೊಂಡಳು.

ಮೈಕಿನವನು ಅವಳ ಹೆಸರು ಕೂಗಿದ. ಹೋರಿ ಬಂತು. ಅದು ಓಡಿದ್ದಲ್ಲ, ಹರಿದದ್ದು. ಹಿಡಿಯಲು ಬಂದವರನ್ನು ಎಡಕ್ಕೂ ಬಲಕ್ಕೂ ಒಗೆದು, ಒಂದು ಕೊಬ್ಬರಿಯೂ ಉದುರದೆ ಅಖಾಡ ದಾಟಿತು. ಅಷ್ಟೂ ಜನ ಎದ್ದು ನಿಂತು ನನ್ನ ಅಕ್ಕನ ಹೆಸರನ್ನು ಒಂದೇ ದನಿಯಲ್ಲಿ ಕೂಗುತ್ತಿದ್ದರು. ಆಚೆ ತುದಿಯಲ್ಲಿ ಹೋರಿ ನಿಲ್ಲದೆ ಹೊಲಕ್ಕೆ ನುಗ್ಗಿತು. ಮಾವ ಹಗ್ಗ ಹಿಡಿದು ಹಿಂದೆ ಓಡುತ್ತ, ತಾನೂ ಅದೇ ಹೆಸರನ್ನು ಹಿಡಿದು ಕೂಗುತ್ತಿದ್ದ. ಲಗ್ನವಾದಾಗಿನಿಂದ ಅವನು ಅವಳನ್ನು ಕರೆದದ್ದು “ಏ, ಕೇಳ್ತೇನು” ಎಂದೇ. ಅಕ್ಕನ ಕೈಯ ಶೇಂಗಾ ಬಾಯಿಗೆ ಹೋಗದೆ ಅಲ್ಲೇ ನಿಂತಿತು.

ಬಹುಮಾನಕ್ಕೆ ಕರೆದಾಗ ಮಾವ ಇನ್ನೂ ಹೊಲದಲ್ಲಿಯೇ ಇದ್ದ. ಮೈಕಿನವನು ಅಕ್ಕನ ಹೆಸರು ಹೇಳಿ, ಎಲ್ಲಿದ್ದರೂ ವೇದಿಕೆಗೆ ಬರಬೇಕು ಎಂದ. ಯಾರೂ ಹೋಗಲಿಲ್ಲ. ಮತ್ತೆ ಕೂಗಿದ. ಅಕ್ಕ ಗಂಟು ಹಿಡಿದು ಎದ್ದಳು, ತಲೆಯ ಮೇಲೆ ಸೆರಗು ಎಳೆದುಕೊಂಡಳು, ಜನರನ್ನು ಸರಿಸಿಕೊಂಡು ಮೆಟ್ಟಿಲು ಹತ್ತಿದಳು. ನಾನು ಹಿಂದೆ ಓಡಿದೆ.

“ಏನವ್ವಾ, ನೀವ್ಯಾರು?” ಎಂದ ಮೈಕಿನವನು.

“ಹೆಸರ ಹಿಡದ ಕರದ್ರಿ, ಬಂದೆ.”

“ನಾವ ಕರದದ್ದು ಹೋರೀನ್ರಿ.”

“ಹೋರಿಗೆ ಮೆಟ್ಟಿಲ ಹತ್ತಾಕ ಬರಂಗಿಲ್ಲ.”

ಅವನು ತಲೆ ಕೆರೆದುಕೊಂಡು, “ಮಾಲಕರ ಹೆಸರಾದ್ರೂ ಹೇಳ್ರಿ,” ಎಂದ. ಅಕ್ಕ ಬಳೆ ಸರಿಸಿ ಕೈ ಚಾಚಿದಳು. ಅವನು ಬಗ್ಗಿ, ಬರೆದದ್ದನ್ನು ಬರೆದ ಹಾಗೆಯೇ ಮೈಕಿನಲ್ಲಿ ಓದಿದ: “ಚಿ.” ಎಂದು ಶುರು ಮಾಡಿ, ಅಡ್ಡಹೆಸರಿನ ತನಕ. ಬಿಳಿ ಮೀಸೆಯ ಚಿರಂಜೀವಿ ಆಗಷ್ಟೇ ಹೋರಿ ಹಿಡಿದುಕೊಂಡು ಅಖಾಡಕ್ಕೆ ಬರುತ್ತಿದ್ದ.

ಬಹುಮಾನ ಕನ್ನಡಿ ಇದ್ದ ದೊಡ್ಡ ತಿಜೋರಿ, ಅಂದರೆ ಬಟ್ಟೆಬರೆ ಇಡುವ ಕಬ್ಬಿಣದ ಕಪಾಟು. ಅದನ್ನು ಟ್ರೇಲರಿಗೆ ಏರಿಸಿದ ಕೂಡಲೇ ಅಕ್ಕ ಬಾಗಿಲು ತೆಗೆದು ಗಂಟನ್ನು ಒಳಗಿಟ್ಟು, ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬ್ಯಾಡಗಿ ಬಸ್ಸಿನ ಹೊತ್ತಾಯಿತು ಎಂದು ನಾನು ನೆನಪಿಸಲಿಲ್ಲ. ಎಲ್ಲಿ ಸುಮ್ಮನಿರಬೇಕು ಎಂಬುದೂ ವ್ಯಾಪಾರವೇ.

ಮೋಟೆಬೆನ್ನೂರಿನ ದಾರಿಯಲ್ಲಿ ಅಕ್ಕ ಬಾಯಿಬಿಟ್ಟಳು. “ಏನ್ರಿ, ಈ ತಿಜೋರಿ ನಮ್ಮ ಬಾಗಲದಾಗ ಹಿಡಿತೈತೇನು?”

ಮಾವ ರೂಢಿಯಂತೆ ಹೋರಿಯ ಕಡೆ ತಿರುಗಿ, “ಹಿಡಿತೈತಂತ ಹೇಳು,” ಎಂದ. ಆಮೇಲೆ ಗೊತ್ತಾಗಿ ಅಕ್ಕನ ಕಡೆ ತಿರುಗಿದ. ತೋಳನ್ನು ಅವಳ ಮುಂದೆ ಹಿಡಿದ.

“ಅದು ಗುಲಾಬಿ ಅಲ್ಲ,” ಎಂದ. “ಚಲೋತ್ನ್ಯಾಗ ನೋಡು.”

ಅಕ್ಕ ತೋಳನ್ನು ಬೆಳಕಿಗೆ ತಿರುಗಿಸಿ ನೋಡಿದಳು. ನನ್ನ ಮುಖ ನೋಡಿದಳು, ಮತ್ತೆ ಎಸಳುಗಳನ್ನು ನೋಡಿದಳು. ಬಾಯಿಗೆ ಸೆರಗು ಒತ್ತಿಕೊಂಡರೂ ನಗು ತಡೆಯಲಾಗಲಿಲ್ಲ; ಅವಳು ಒರಗಿದ್ದ ತಿಜೋರಿಯ ಕನ್ನಡಿ ಗಡಗಡ ಅಂದಿತು. ಹೋರಿ ಕಿವಿ ನಿಮಿರಿಸಿ ಈ ಕಡೆ ತಿರುಗಿತು.

ಅಕ್ಕ ಕಣ್ಣು ಒರೆಸಿಕೊಂಡು ಮಾವನ ಕಿವಿಯ ಹತ್ತಿರ ಬಗ್ಗಿದಳು.

“ಹೋರಿಗೆ ಹೇಳಬ್ಯಾಡ್ರಿ,” ಎಂದಳು.