ಕಿವಿಯಿಂದ ಬರೆದ ಗೂಡುಗಳು

ಆತನನ್ನು ಕಾಡಿನ ಕೆಲಸದಿಂದ ತೆಗೆದು ಶಿಬಿರದ ಗೇಟು ಕಾಯಲು ಹಾಕಿದ್ದು ನಾನೇ. ದೂರದ ಒಂದು ಮಹಾನಗರದ ಸಭೆಯ ನಡುವೆ, ಫೋನಿನಲ್ಲಿ ಮೂರು ಸಾಲಿನ ಮೇಲ್ ಬರೆದು ಕಳಿಸಿದ್ದೆ. ಕಳಿಸಿದ ಮೇಲೆ ಚಹಾ ಕುಡಿದದ್ದೂ ನೆನಪಿದೆ.

ಈಶಾನ್ಯದ ಬೆಟ್ಟಗಳ ಮಳೆಕಾಡಿನಲ್ಲಿ ಇಪ್ಪತ್ತಾರು ವರ್ಷ ಆತ ನನ್ನ ಮುಂದೆ ನಡೆದವನು. ಯಾವಾಗಲೂ ಹತ್ತು ಹೆಜ್ಜೆ ಮುಂದೆ, ಕೈಯಲ್ಲಿ ಕತ್ತಿ, ಕಾಲಿಗೆ ಹರಿದ ರಬ್ಬರ್ ಬೂಟು. ನಾನು ಸಿಗುವ ಮೊದಲು ಬೇಟೆಗಾರನಾಗಿದ್ದ. ನಾನು ಅಧ್ಯಯನ ಮಾಡಲು ಹೋಗಿದ್ದ, ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಗಳನ್ನೇ ಹೊಡೆಯುತ್ತಿದ್ದ. ಆದ್ದರಿಂದಲೇ ಯಾವ ಮರದ ಪೊಟರೆಯಲ್ಲಿ ಯಾವ ತಿಂಗಳು ಗೂಡು ಆಗುತ್ತದೆಂದು ಅವನಿಗೆ ಗೊತ್ತಿತ್ತು. ಹೆಣ್ಣು ಮಂಗಟ್ಟೆ ಪೊಟರೆಯೊಳಗೆ ಹೊಕ್ಕು, ಅದರ ಬಾಯಿಯನ್ನು ಒಳಗಿನಿಂದಲೇ ಮೆತ್ತಿ ಮುಚ್ಚಿಕೊಂಡು, ಒಂದು ಸೀಳು ಮಾತ್ರ ಬಿಟ್ಟಿರುತ್ತದೆ. ಗಂಡು ತಿಂಗಳುಗಟ್ಟಲೆ ಹಣ್ಣು ತಂದು ಆ ಸೀಳಿನಲ್ಲಿ ಕೊಡುತ್ತದೆ. ಗಂಡನ್ನು ಹೊಡೆದರೆ ಒಳಗಿನವೂ ಸಾಯುತ್ತವೆ. "ಇದು ನನಗೆ ಮೊದಲೇ ಗೊತ್ತಿತ್ತು ದೀದಿ, ಆದರೆ ಯಾರೂ ಕೇಳಿರಲಿಲ್ಲ" ಎಂದು ಮೊದಲ ವರ್ಷವೇ ಹೇಳಿದ್ದ. ಮರುವರ್ಷ ಕೋವಿಯನ್ನು ಮನೆಯ ಅಟ್ಟಕ್ಕೆ ಹಾಕಿದ.

ನಾರಾಯಣಪೇಟೆಯ ನೇಕಾರರ ಮನೆಯ ಹುಡುಗಿಗೆ ಅಂಥ ಕಾಡಿನ ಹುಚ್ಚು ಹೇಗೆ ಹತ್ತಿತೆಂದು ಅನೇಕರು ಕೇಳಿದ್ದಾರೆ. ನಮ್ಮ ಕಡೆ ಮರ ಎಂದರೆ ಬೇವು, ಜಾಲಿ, ಗುಡಿಯ ಹತ್ತಿರ ಒಂದು ಅರಳಿ. ರಾಯಚೂರಿನಲ್ಲಿ ಸಸ್ಯಶಾಸ್ತ್ರ ಓದಿ, ಮೂರು ತಿಂಗಳ ಕೆಲಸಕ್ಕೆಂದು ಆ ಬೆಟ್ಟಗಳಿಗೆ ಹೋದೆ. ಮೊದಲ ದಿನ ಮಂಜಿನ ಮೇಲಿಂದ ಒಂದು ಜೋಡಿ ಹಾರಿಹೋಯಿತು. ಹಕ್ಕಿ ಕಾಣಲಿಲ್ಲ, ರೆಕ್ಕೆಯ ಸದ್ದು ಮಾತ್ರ ಕೇಳಿತು, ಹಳೆಯ ಉಗಿಬಂಡಿ ಏರು ಹತ್ತುವ ಹಾಗೆ. ಆಮೇಲೆ ಹಿಂದಿರುಗುವ ಮಾತೇ ಬರಲಿಲ್ಲ.

ಇಬ್ಬರೂ ಹಳ್ಳಿಯಿಂದ ಹಳ್ಳಿಗೆ ಹೋಗಿ, ಗೂಡಿನ ಮರಗಳನ್ನು ಊರವರೇ ಕಾಯುವ ಹಾಗೆ ಮಾಡಿದೆವು. ಆ ಕೆಲಸ ಬೆಳೆದು ಸಂಸ್ಥೆಯಾಯಿತು, ನಾನು ಅದರ ಮುಖ್ಯಸ್ಥೆಯಾದೆ. ಅಲ್ಲಿಂದ ನನ್ನ ಕಾಲು ನೆಲದ ಮೇಲೆ ಕಡಿಮೆ, ವಿಮಾನದಲ್ಲಿ ಹೆಚ್ಚು. ಕಾಡಿಗೆ ವರ್ಷಕ್ಕೆ ಎರಡು ಸಲ ಹೋಗುತ್ತಿದ್ದವಳು ಒಂದು ಸಲ ಹೋಗತೊಡಗಿದೆ. ಹೋದಾಗಲೂ ಜೊತೆಗೆ ಅತಿಥಿಗಳಿರುತ್ತಿದ್ದರು. ಆತ ಮುಂದೆ ನಡೆಯುವುದನ್ನು ನಿಲ್ಲಿಸಿ ಪಕ್ಕದಲ್ಲಿ ನಡೆಯತೊಡಗಿದ್ದನ್ನು ನೋಡಿದ್ದೆ. ವಯಸ್ಸಾಯಿತು ಅಂದುಕೊಂಡೆ.

ಕಡೆಗೊಮ್ಮೆ ಹೊಸದಾಗಿ ಸೇರಿದ ಸಂಶೋಧಕಿಯೊಬ್ಬಳಿಂದ ದೂರು ಬಂತು: ಈತ ಬರೆದ ಗೂಡುಗಳ ಪಟ್ಟಿ ತಾಳೆಯಾಗುತ್ತಿಲ್ಲ, ಕೆಲವು ಮರಗಳಲ್ಲಿ ಗೂಡೇ ಇಲ್ಲ. ನಾನು ಹೋಗಿ ನೋಡಬೇಕಿತ್ತು. ಮೇಲ್ ಬರೆದೆ. ಆತನಿಗೆ ಮೇಲ್ ಓದಲು ಬರುತ್ತಿರಲಿಲ್ಲ. ಶಿಬಿರದ ಅಡುಗೆಯವನು ಓದಿ ಹೇಳಿದನಂತೆ.

ಎರಡು ವರ್ಷದ ನಂತರ ನಾನು ಕೆಲಸ ಬಿಟ್ಟೆ. ಮಂಡಿಗಳು ಸವೆದಿದ್ದವು. ನಾರಾಯಣಪೇಟೆಗೆ ಬಂದು ಅಕ್ಕನ ಜೊತೆ ನಿಂತೆ. ಮಗ್ಗದ ಮುಂದೆ ಕೂತರೆ ಆಕೆಗೆ ಈಗಲೂ ಹೊತ್ತು ಗೊತ್ತಾಗುವುದಿಲ್ಲ. ನನಗೆ ಮಾತ್ರ ಒಣ ಗಾಳಿಯಲ್ಲಿ ಚರ್ಮ ಬಿರಿಯುತ್ತಿತ್ತು. ಬೆಳಗಿನಲ್ಲಿ ಎಚ್ಚರವಾದಾಗ ಕಣ್ಣು ಬಿಡದೆ ಕಾಯುತ್ತಿದ್ದೆ, ತೊಟ್ಟಿಕ್ಕುವ ಎಲೆಗಳ ಸದ್ದಿಗೆ, ಒದ್ದೆ ಮಣ್ಣಿನ ವಾಸನೆಗೆ, ಹೊರಗೆ ಆತ ಒಲೆ ಊದುತ್ತ ಕೆಮ್ಮುವುದಕ್ಕೆ. ಕೇಳುತ್ತಿದ್ದದ್ದು ಮಗ್ಗದ ಸದ್ದು.

"ಅಲ್ಲಿದ್ದಾಗ ಫೋನ್ ಮಾಡಿ, ಜ್ವಾಳದ ರೊಟ್ಟಿ ನೆನಪಾಗತೈತಿ ಅಂತಿದ್ದಿ. ಈಗ ರೊಟ್ಟಿ ಮುಂದ ಇಟ್ಕೊಂಡು ಎಲ್ಲೋ ನೋಡ್ತಿ" ಎಂದು ಅಕ್ಕ ಬೈಯುತ್ತಿದ್ದಳು.

ಒಂದು ದಿನ ಆತನ ಮಗಳು ಫೋನ್ ಮಾಡಿದಳು. ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ನಿಗೆ ಒಪ್ಪುತ್ತಿಲ್ಲ, ನೀವು ಹೇಳಿದರೆ ಕೇಳುತ್ತಾರೆ ಎಂದಳು. ಯಾವಾಗಿನಿಂದ ಎಂದು ಕೇಳಿದೆ. "ಗೇಟಿಗೆ ಬರುವ ಮುಂಚಿನಿಂದಲೂ" ಎಂದಳು. ಇಲ್ಲಿಗೇ ಕರೆದುಕೊಂಡು ಬಾ, ರಾಯಚೂರಿನಲ್ಲಿ ಮಾಡಿಸೋಣ ಎಂದೆ.

ನಾಲ್ಕು ದಿನದ ಪ್ರಯಾಣ ಮಾಡಿ ಅಪ್ಪ ಮಗಳು ಗದ್ವಾಲ ಸ್ಟೇಷನ್ನಿನಲ್ಲಿ ಇಳಿದರು. ಆತ ಮಗಳ ಭುಜದ ಮೇಲೆ ಕೈಯಿಟ್ಟು ನಿಂತಿದ್ದ. ನಾನು ಕರೆಯುವ ಮೊದಲೇ ನನ್ನ ಕಡೆ ಮುಖ ತಿರುಗಿಸಿದ.

"ದೀದಿ, ಎಡಗಾಲು ಎಳೆಯುತ್ತಿದ್ದೀರಿ."

ಅದು ಆತನ ಹಿಂದಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆತನ ಹಿಂದಿ, ನನ್ನ ಹಿಂದಿ, ಎರಡೂ ಮುರುಕು. ಅಕ್ಕನದು ಹಾಗಲ್ಲ. ಸೀರೆ ವ್ಯಾಪಾರಿಗಳ ಜೊತೆ ಚೌಕಾಸಿ ಮಾಡಿ ಮಾಡಿ ಆಕೆಯ ದಖ್ಖನಿ, ನಮ್ಮ ಕಡೆಯ ಉರ್ದು, ನೀರಿನ ಹಾಗೆ ಹರಿಯುತ್ತದೆ. ಆಸ್ಪತ್ರೆಯವರು ಕೊಟ್ಟ ದಿನಕ್ಕೆ ಇನ್ನೂ ಒಂದು ವಾರವಿತ್ತು. ಆ ವಾರವೆಲ್ಲ ಆತ ಮಗ್ಗದ ಪಕ್ಕ ಕೂತು ಅಕ್ಕನ ಜೊತೆ ಹರಟಿದ. ನೂಲು ಕಡಿದರೆ ಅಕ್ಕನಿಗಿಂತ ಮೊದಲು ಆತನಿಗೆ ತಿಳಿಯುತ್ತಿತ್ತು. "ನಿಂದರ್ರೀ, ಕಡೀತು" ಎನ್ನುವುದನ್ನು ಎರಡನೆಯ ದಿನಕ್ಕೇ ಕಲಿತುಬಿಟ್ಟ. ಮಗಳು ಬಿದ್ದು ಬಿದ್ದು ನಕ್ಕಳು.

ಐದನೆಯ ದಿನ ಮಧ್ಯಾಹ್ನ ಅಕ್ಕ ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿದಳು.

"ಆ ಅಣ್ಣನ್ನ ನೀನಾ ಗೇಟಿಗೆ ಹಾಕಿದ್ದು?"

"ಅವನು ಹೇಳಿದನಾ?"

"ಅವರೇನೂ ನಿನ್ನ ಹೆಸರು ಹೇಳಲಿಲ್ಲ. ದಫ್ತರದವ್ರು ಹಾಕಿದ್ರು ಅಂದ್ರು. ದಫ್ತರಕ್ಕ ದೊಡ್ಡಾಕಿ ಯಾರಿದ್ರು, ನನಗ ಗೊತ್ತಿಲ್ಲೇನು?"

ಪಟ್ಟಿ ತಾಳೆಯಾಗಲಿಲ್ಲ, ವಿಜ್ಞಾನದಲ್ಲಿ ಹಾಗೆ ಬಿಡಲಾಗುವುದಿಲ್ಲ ಎಂದು ಏನೇನೋ ಹೇಳಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡಳು.

"ಅದೆಲ್ಲ ಖರೇ ಇರಬಹುದು. ಕಣ್ಣಿಗೆ ಏನಾಗೈತಿ ಅಂತ ಒಂದು ಮಾತು ಕೇಳಾಕ ಏನಾಗಿತ್ತು ನಿನಗ?" ಎಂದು ಬಾಗಿಲು ತೆರೆದು ಹೊರಟುಹೋದಳು.

ರಾಯಚೂರಿನಲ್ಲಿ ಮೊದಲು ಬಲಗಣ್ಣಿನ ಪೊರೆ ತೆಗೆದರು. ಮರುದಿನ ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಹಾಕಿ ಕಳಿಸಿದರು. ಬರುವಾಗ ಮಕ್ತಲಿನಲ್ಲಿ ಚಹಾಕ್ಕೆ ಕಾರು ನಿಲ್ಲಿಸಿದೆವು. ಮಗಳು ಔಷಧದ ಅಂಗಡಿಗೆ ಹೋದಳು. ಅಂಗಡಿಯ ಎದುರಿನ ಅರಳಿಮರದಿಂದ ಚೀರಿದಂಥ ಒಂದು ಕೂಗು ಕೇಳಿತು. ಆತ ಗ್ಲಾಸನ್ನು ಬೆಂಚಿನ ಮೇಲಿಟ್ಟು ಎದ್ದು, ರಸ್ತೆ ದಾಟಿಯೇಬಿಟ್ಟ. ಹಿಂದೆ ನಾನು ಕುಂಟುತ್ತ ಓಡಿದೆ.

ಕೊಂಬೆಯ ಮೇಲೆ ಒಂದು ಬೂದು ಮಂಗಟ್ಟೆ ಕೂತಿತ್ತು. ಒಣನಾಡಿನ ಸಣ್ಣ ಜಾತಿ, ಧೂಳಿನ ಬಣ್ಣ.

"ದೀದಿ, ನಿಮ್ಮ ಊರಲ್ಲೂ ಇದೆ! ಇಷ್ಟು ವರ್ಷ ಹೇಳಲೇ ಇಲ್ಲ."

"ಇದೇನು, ಸಣ್ಣದು. ಅಲ್ಲಿಯದರ ಹಾಗಲ್ಲ" ಎಂದೆ.

"ಹಣ್ಣು ತರುವುದು ಹಾಗೆಯೇ ಅಲ್ಲವಾ?" ಎಂದು ಆತ ಕತ್ತೆತ್ತಿ ನೋಡುತ್ತಲೇ ಇದ್ದ. ಕನ್ನಡಕದ ಕೆಳಗೆ ನೀರು ಇಳಿಯುತ್ತಿತ್ತು. ಔಷಧದ ನೀರೋ ಏನೋ, ನಾನು ಕೇಳಲಿಲ್ಲ.

ಅಲ್ಲೇ, ಲಾರಿಗಳ ಸದ್ದಿನ ನಡುವೆ, ನನ್ನಿಂದ ತಪ್ಪಾಯಿತು ಎಂದೆ. ಲಾರಿ ಹೋದ ಮೇಲೆ ಇನ್ನೊಮ್ಮೆ ಹೇಳಬೇಕಾಯಿತು.

"ಆ ಹುಡುಗಿ ಬರೆದದ್ದು ಸರಿ" ಎಂದ ಆತ. "ಆ ವರ್ಷ ಐದು ಗೂಡು ನಾನು ಕಿವಿಯಿಂದ ಬರೆದೆ. ಗಂಡಿನ ರೆಕ್ಕೆ ಎಲ್ಲಿ ನಿಲ್ಲುತ್ತದೆ, ಅಲ್ಲಿ ಗೂಡು ಎಂದು. ಮೂರು ಸರಿ ಇತ್ತು, ಎರಡು ತಪ್ಪು. ನೀವು ಬಂದಿದ್ದರೆ ನಾನೇ ಹೇಳುತ್ತಿದ್ದೆ. ಪ್ರತಿ ತಿಂಗಳೂ ಜೀಪಿನ ಸದ್ದು ಕೇಳಿದಾಗ, ದೀದಿ ಬಂದರು ಅಂದುಕೊಳ್ಳುತ್ತಿದ್ದೆ. ಗೇಟಿಗೆ ಹಾಕಿದ್ದಕ್ಕೆ ನನಗೆ ಕೋಪವಿಲ್ಲ. ಗೇಟು ತೆಗೆಯುವಾಗೆಲ್ಲ ಜೀಪಿನೊಳಗೆ ನೀವಿರುತ್ತಿರಲಿಲ್ಲ."

ಇಬ್ಬರೂ ರಸ್ತೆ ದಾಟಿ ಬೆಂಚಿಗೆ ಮರಳಿದೆವು. ಚಹಾ ಆರಿಹೋಗಿತ್ತು, ಹಾಗೇ ಕುಡಿದೆವು.

ಎಡಗಣ್ಣಿನದೂ ಆದ ಮೇಲೆ, ಒಂದು ತಿಂಗಳಿದ್ದು, ಅವರು ಗದ್ವಾಲದಿಂದಲೇ ರೈಲು ಹತ್ತಿದರು. ಅಕ್ಕ ತಾನೇ ನೇಯ್ದ ಚೌಕುಳಿ ಸೀರೆಯನ್ನು ಮಗಳಿಗೆ ಉಡಿಸಿಯೇ ಕಳಿಸಿದಳು. ರೈಲು ಹೋದ ಮೇಲೂ ನಾನು ಪ್ಲಾಟ್‌ಫಾರಂ ಮೇಲೆ ನಿಂತಿದ್ದೆ. ಅಕ್ಕ ಅವಸರ ಮಾಡಲಿಲ್ಲ.

ಆತನನ್ನು ಮತ್ತೆ ಗೂಡಿನ ಕೆಲಸಕ್ಕೆ ತೆಗೆದುಕೊಳ್ಳಿ ಎಂದು ಸಂಸ್ಥೆಗೆ ಬರೆದೆ. ವಯಸ್ಸಿನ ನಿಯಮ ಅಡ್ಡ ಬರುತ್ತದೆ ಎಂದು ವಿನಯದ ಉತ್ತರ ಬಂತು. ಆ ನಿಯಮ ಮಾಡಿದ್ದೂ ನನ್ನ ಕಾಲದಲ್ಲೇ. ಆತ ಅದಕ್ಕೆ ಕಾಯಲಿಲ್ಲ. ಗೇಟಿನ ಕೆಲಸ ಬಿಟ್ಟು, ತನ್ನ ಪಾಡಿಗೆ ತಾನು ಕಾಡಿಗೆ ಹೋಗುತ್ತಾನೆ. ಸಿಗ್ನಲ್ ಸಿಗುವ ದಿಬ್ಬದ ಮೇಲಿನಿಂದ ಫೋನ್ ಮಾಡಿ, ಹೊಳೆಯಾಚೆಯ ಹೆಮ್ಮರದಲ್ಲಿ ಹೆಣ್ಣು ಒಳಗೆ ಹೋಯಿತು, ಜಾರುಬಂಡೆಯ ಪಕ್ಕದ ಮರ ಗಾಳಿಗೆ ಬಿತ್ತು ಎಂದು ಹೇಳುತ್ತಾನೆ. ನಾನು ಕಣ್ಣು ಮುಚ್ಚಿ ಆ ಮರದಿಂದ ಈ ಮರಕ್ಕೆ ನಡೆಯುತ್ತೇನೆ. ಕೆಲವು ಕಾಲುದಾರಿಗಳು ಈಗ ನನಗೆ ಸರಿಯಾಗಿ ನೆನಪಾಗುವುದಿಲ್ಲ. ಅದನ್ನು ಆತನಿಗೆ ಹೇಳಿಲ್ಲ.

ಮೊನ್ನೆ ಕೇಳಿದ: "ಈ ಚಳಿಗಾಲಕ್ಕೆ ಬರುತ್ತೀರಾ? ಹೊಳೆಯವರೆಗೆ ಜೀಪು ಬರುತ್ತದೆ. ಅಲ್ಲಿಂದ ನಿಧಾನ ನಡೆದರಾಯಿತು."

ಡಾಕ್ಟರು ಏರು ಹತ್ತಬೇಡಿ ಎಂದಿದ್ದಾರೆ ಎಂದೆ. ಪಕ್ಕದಲ್ಲಿದ್ದ ಅಕ್ಕ ಫೋನನ್ನು ಕೈಯಿಂದ ಕಿತ್ತುಕೊಂಡು, ಆತನ ಜೊತೆ ದಖ್ಖನಿಯಲ್ಲಿ ಏನೇನೋ ವಿಚಾರಿಸಿದಳು: ಚಳಿ ಎಷ್ಟು, ಜಿಗಣೆ ಇರುತ್ತವಾ, ಅಲ್ಲಿ ಜೋಳ ಸಿಗುತ್ತದಾ. ಆಮೇಲೆ ನನ್ನ ಕಡೆ ತಿರುಗಿದಳು.

"ಹಿಟ್ಟು ಇಲ್ಲಿಂದ ಕಟ್ಕೊಂಡು ಹೋಗೋಣಂತ. ನಾನೂ ಬರ್ತೀನಿ."

ನಾನು ಇನ್ನೂ ಹೂಂ ಅಂದಿಲ್ಲ. ಅಕ್ಕ ಹಿಟ್ಟಿಗೆ ಡಬ್ಬಿ ಹುಡುಕುತ್ತಿದ್ದಾಳೆ.