ಮೀಟರ್ ಬಾಕ್ಸಿನಲ್ಲಿಟ್ಟ ಸಾಸ್ ಬಾಟಲಿ

ಬನಶಂಕರಿಯ ನಮ್ಮ ಮನೆಯ ಗೇಟಿನಲ್ಲಿ ಹದಿನಾಲ್ಕು ವರ್ಷದಿಂದ ಒಂದು ತಗಡಿನ ಬೋರ್ಡು ನೇತಾಡುತ್ತಿದೆ: ‘ಮನೆ ಬಾಡಿಗೆಗೆ ಇದೆ, ಸಸ್ಯಾಹಾರಿಗಳಿಗೆ ಮಾತ್ರ’. ಮೇಲಿನ ಮನೆ ಖಾಲಿ ಇರಲಿ, ತುಂಬಿರಲಿ, ಬೋರ್ಡನ್ನು ನಾನು ತೆಗೆಸಿದವಳಲ್ಲ. ಹೊಸಕೆರೆಹಳ್ಳಿ ಕಡೆ ಹೋಗುವ ಬಸ್ಸಿನಲ್ಲಿ ಕೂತವರಿಗೂ ಕಾಣಲಿ ಎಂದು ‘ಮಾತ್ರ’ ಅನ್ನುವುದನ್ನು ಕೆಂಪು ಬಣ್ಣದಲ್ಲಿ ಬರೆಸಿದವಳೂ ನಾನೇ. ನಮ್ಮ ಯಜಮಾನರದು ಪೇಂಟ್ ಅಂಗಡಿ ಇತ್ತು, ಬರೆದುಕೊಟ್ಟವರು ಅವರೇ. "ಇಷ್ಟು ದಪ್ಪಕ್ಕೆ ಬೇಕೇನೇ? ಜನ ಹೆದರ್ಕೊಂಡು ಓಡಿಹೋಗ್ತಾರೆ" ಎಂದಿದ್ದರು. "ಓಡಿಹೋಗೋರು ಹೋಗ್ಲಿ" ಎಂದಿದ್ದೆ.

ಅವರು ತೀರಿಹೋಗಿ ಎಂಟು ತಿಂಗಳಾಯಿತು. ಅವರಿಗೆಂದು ತರಿಸಿದ ಸಾಸ್ ಬಾಟಲಿ ಇನ್ನೂ ಗೇಟಿನ ಪಕ್ಕದ ಮೀಟರ್ ಬಾಕ್ಸಿನಲ್ಲೇ ಇದೆ. ಇದನ್ನು ಯಾರ ಎದುರಿಗೂ ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅವರ ಗಂಟಲಲ್ಲಿ ಗಡ್ಡೆ ಎಂದರು ಡಾಕ್ಟರು, ಒಂದೂವರೆ ತಿಂಗಳು ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟರು. ಗಡ್ಡೆಯ ಜೊತೆಗೆ ನಾಲಿಗೆಯ ರುಚಿಯೂ ಸುಟ್ಟುಹೋಯಿತು. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ‘ಸಾರಿಗೆ ಇಂಗು ಹಾಕಿಲ್ಲ’ ಎಂದು ಪತ್ತೆ ಹಚ್ಚುತ್ತಿದ್ದ ಮನುಷ್ಯ, ತಟ್ಟೆಯ ಮುಂದೆ ಕೂತು ತುತ್ತನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ಹೊರಳಿಸುತ್ತಾ "ವಿಭೂತಿ ತಿಂದ ಹಾಗಿದೆ ಕಣೆ" ಎನ್ನುತ್ತಿದ್ದರು. ಒಬ್ಬಟ್ಟೂ ವಿಭೂತಿ, ಮಾವಿನಕಾಯಿ ಚಿತ್ರಾನ್ನವೂ ವಿಭೂತಿ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಮೇಡಂ, ಗಡ್ಡೆ ಪೂರ್ತಿ ಹೋಗಿಲ್ಲ, ಇನ್ನೊಂದು ರೌಂಡ್ ಟ್ರೀಟ್‌ಮೆಂಟ್ ಬೇಕು. ಹೀಗೇ ತೂಕ ಇಳೀತಾ ಇದ್ರೆ ಕೊಡೋಕಾಗಲ್ಲ. ಏನಾದ್ರೂ ಮಾಡಿ ತಿನ್ನಿಸಿ" ಎಂದರು. ಏನಾದ್ರೂ ಮಾಡಿಯಂತೆ! ಮಾಡದೆ ಬಿಟ್ಟಿದ್ದೇನಿತ್ತು? ಗದರಿದೆ, ಕಣ್ಣೀರು ಹಾಕಿದೆ, ಮುದ್ದೆಯನ್ನು ಗೋಲಿಯಷ್ಟು ಸಣ್ಣಗೆ ಮಾಡಿ ತುಪ್ಪ ಸವರಿ ಬಾಯಿಗಿಟ್ಟೆ. ನುಂಗಿದಂತೆ ಮಾಡಿ, ನಾನು ಆಚೆ ಹೋದ ಮೇಲೆ ಉಗುಳುತ್ತಿದ್ದರು.

ಆಗ ಮೇಲಿನ ಮನೆಯಲ್ಲಿ ಧಾರವಾಡ ಕಡೆಯ ಒಬ್ಬಳು ಬಾಡಿಗೆಗಿದ್ದಳು. ನಮ್ಮವರೇ, ಹಣೆಗೆ ವಿಭೂತಿ ಹಚ್ಚುವ ಮನೆತನ, ಬಿಟಿಎಂನಲ್ಲಿ ಆಫೀಸು. ಒಂದು ಭಾನುವಾರ ಸಂಜೆ ತಾರಸಿಯಿಂದ ಹೊಗೆ ಇಳಿದು ನನ್ನ ಒಣಹಾಕಿದ ಬಟ್ಟೆಗೆಲ್ಲ ಹತ್ತಿತು. ದಬಾಯಿಸೋಣ ಎಂದು ಮೆಟ್ಟಿಲು ಹತ್ತಿದೆ. ಕಾಲಾಡಿಸಿದ ಹಾಗಾಗುತ್ತದೆ ಎಂದು ಇವರೂ ಹಿಂದೆ ಬಂದರು. ನೋಡಿದರೆ ಗೆಳತಿಯರನ್ನು ಸೇರಿಸಿಕೊಂಡು ಕೆಂಡದ ಮೇಲೆ ಅನಾನಸ್, ಪನೀರ್, ಜೋಳದ ತೆನೆ ಸುಡುತ್ತಿದ್ದಾಳೆ. ಪನೀರ್ ತಾನೇ ಎಂದು ನನ್ನ ಸಿಟ್ಟು ಸ್ವಲ್ಪ ಇಳಿಯಿತು. "ಒಂದ್ ತುಂಡು ತಗೋರಿ ಅಂಕಲ್" ಎಂದು ಪನೀರಿಗೆ ಕಪ್ಪು ಸಾಸ್ ಸವರಿ ಕೊಟ್ಟಳು. ದಾಕ್ಷಿಣ್ಯಕ್ಕೆ ಬಾಯಿಗಿಟ್ಟುಕೊಂಡವರು ಅಗಿಯುವುದನ್ನು ನಿಲ್ಲಿಸಿ ನನ್ನ ತೋಳು ಹಿಡಿದರು. ಗಂಟಲಿಗೆ ಸಿಕ್ಕಿತೇನೋ ಎಂದು ಬೆನ್ನು ತಟ್ಟಲು ಹೋದೆ.

"ಹುಳಿ ಇದೆ ಕಣೆ" ಎಂದರು. "ಬೆಲ್ಲದ ಥರ ಸಿಹಿ ಇದೆ. ಸುಟ್ಟ ವಾಸ್ನೆ ಇದೆ. ಗೊತ್ತಾಗ್ತಿದೆ ನಂಗೆ."

ಆ ಸಂಜೆ ನಾಲ್ಕು ತುಂಡು ಪನೀರ್ ತಿಂದರು. ನಾನು ದಬಾಯಿಸಲು ಹೋದದ್ದನ್ನೇ ಮರೆತು ಆ ಹುಡುಗಿಯ ಗಲ್ಲ ಹಿಡಿದು ಮುದ್ದು ಮಾಡಿ ಬಂದೆ. ಮಾರನೇ ದಿನ ನಾನು ತರಕಾರಿ ತರಲು ಹೋಗಿದ್ದಾಗ ಅವಳು ಕೆಳಗೆ ಬಂದು, ಒಂದು ಸ್ಟೀಲ್ ಡಬ್ಬಿಯ ತುಂಬ ಆ ಸಾಸ್ ಕೊಟ್ಟು ಹೋಗಿದ್ದಳು.

ನಾನೂ ಬೆರಳಿಗೆ ಹಚ್ಚಿಕೊಂಡು ನೆಕ್ಕಿ ನೋಡಿದೆ. ಮೊದಲು ಹುಳಿ, ಆಮೇಲೆ ಕಾಕಂಬಿಯ ಸಿಹಿ, ಆಮೇಲೆ ಹೊಗೆ. ಎಲ್ಲದರ ಅಡಿಯಲ್ಲಿ ಇನ್ನೇನೋ ಒಂದು ಗಾಢವಾದ ಉಪ್ಪುಪ್ಪು ರುಚಿ ಇತ್ತು. ನಲವತ್ತು ವರ್ಷ ಅಡುಗೆ ಮಾಡಿದ ನನಗೂ ಅದೇನೆಂದು ತಿಳಿಯಲಿಲ್ಲ. ಇವರು ಅದನ್ನು ಉಪ್ಪಿಟ್ಟಿಗೆ ಹಾಕಿಕೊಂಡರು, ಚಪಾತಿಗೆ ಸವರಿಕೊಂಡರು, ಕೊನೆಗೆ ಮೊಸರನ್ನಕ್ಕೂ ಕಲಸಿಕೊಂಡರು. "ಥೂ, ಏನ್ರೀ ಇದು, ಮೊಸರನ್ನಕ್ಕೆ ಮಸಿ ಬಳ್ಕೊಂಡ್ರಲ್ಲ!" ಎಂದರೆ, "ಹೊಟ್ಟೆಗೆ ಹೋಗ್ತಿದ್ಯಲ್ಲ, ಸುಮ್ನಿರು" ಎನ್ನುತ್ತಿದ್ದರು. ಎರಡು ವಾರದಲ್ಲಿ ಕೆನ್ನೆಗೆ ಒಂಚೂರು ಕಳೆ ಬಂತು. ಡಾಕ್ಟರು ಹೀಗೇ ತಿಂದರೆ ಮುಂದಿನ ತಿಂಗಳು ಎರಡನೇ ರೌಂಡ್ ಶುರು ಮಾಡೋಣ ಎಂದರು.

ಡಬ್ಬಿ ಖಾಲಿಯಾಯಿತು. ಮೇಲೆ ಹೋಗಿ ಕೇಳಿದೆ, ಯಾವ ಸಾಸ್ ಅಮ್ಮಾ ಅದು ಎಂದು. ಅವಳು ಪೆಟ್ಟಿಗೆ ಕಟ್ಟುತ್ತಿದ್ದಳು, ಆಫೀಸಿಗೆ ಹತ್ತಿರ ಎಂದು ಬಿಟಿಎಂಗೆ ಮನೆ ಬದಲಾಯಿಸುವವಳಿದ್ದಳು. "ಅಣ್ಣ ಫಾರಿನ್ನಿಂದ ತಂದಿದ್ದ ಆಂಟಿ, ಹೆಸರು ನೆನಪಿಲ್ರಿ. ಬಾಟ್ಲಿ ಕಸದಾಗ ಒಗದುಬಿಟ್ಟೆ" ಎಂದಳು. ನನ್ನ ಮುಖ ನೋಡಲಿಲ್ಲ. ಮನೆ ಖಾಲಿ ಮಾಡುವ ಗಡಿಬಿಡಿ ಎಂದುಕೊಂಡೆ.

ಅಲ್ಲಿಂದ ಶುರುವಾಯಿತು ನನ್ನ ಅಲೆದಾಟ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಸಿಕ್ಕಿದ ಬಾರ್ಬೆಕ್ಯೂ ಸಾಸುಗಳು ಟೊಮೆಟೊ ಕೆಚಪ್ಪಿಗೆ ಕಪ್ಪು ಬಣ್ಣ ಕಲಸಿದವು. ಒಂದರಲ್ಲಂತೂ ಸಕ್ಕರೆಪಾಕ ಬಿಟ್ಟರೆ ಇನ್ನೇನಿಲ್ಲ. ಜೆಪಿ ನಗರದ ದೊಡ್ಡ ಅಂಗಡಿಯಲ್ಲಿ ಕನ್ನಡಕ ಹಾಕಿಕೊಂಡು ಒಂದೊಂದೇ ಬಾಟಲಿ ತಿರುಗಿಸಿ ಹಸಿರು ಚುಕ್ಕಿ ಹುಡುಕುತ್ತಿದ್ದೆ. ಅಲ್ಲಿ ನಿಂತಿದ್ದ ಅಂಗಡಿಯ ಹುಡುಗಿ "ಇದು ತಗೊಳ್ಳಿ ಮೇಡಂ, ಚಿಕನ್‌ಗೆ ಸಖತ್ತಾಗಿರುತ್ತೆ" ಎಂದಳು. "ನಾನು ಕೇಳಿದ್ನೇನಮ್ಮಾ ಚಿಕನ್ನಿಗೆ ಅಂತ?" ಎಂದು ಅಂಗಡಿಯವರೆಲ್ಲ ತಿರುಗಿ ನೋಡುವ ಹಾಗೆ ರೇಗಿದೆ. ಪಾಪ, ಅವಳ ತಪ್ಪೇನಿತ್ತು? ಸುದ್ದಗುಂಟೆಪಾಳ್ಯದಲ್ಲಿ ಕಾಲೇಜು ಹುಡುಗರಿಗೆ ಬಗೆಬಗೆಯ ಸಾಸ್ ಮಾರುವ ಅಂಗಡಿ ಇದೆ ಎಂದು ಯಾರೋ ಹೇಳಿದರು, ಆಟೊ ಮಾಡಿಕೊಂಡು ಅಲ್ಲಿಗೂ ಹೋದೆ. "ಯಾವ ಫ್ಲೇವರ್ ಆಂಟಿ? ಹನಿ, ಸ್ಮೋಕಿ, ಸ್ಪೈಸಿ?" ಎಂದು ಅಂಗಡಿಯವನು ಕೇಳಿದ. "ನಮ್ಮನೆಯವರು ಎರಡು ತುತ್ತು ತಿನ್ನೋ ಫ್ಲೇವರ್ ಕೊಡಪ್ಪಾ" ಎಂದೆ. ಅವನು ನಕ್ಕ. ನನಗೆ ಅಲ್ಲೇ ಅಳು ಬಂದುಬಿಟ್ಟಿತು, ಅವನೇ ಸ್ಟೂಲ್ ಹಾಕಿ ಕೂರಿಸಿ ನೀರು ಕೊಟ್ಟ.

ತಂದದ್ದನ್ನೆಲ್ಲ ಚಮಚದ ತುದಿಯಲ್ಲಿ ನೆಕ್ಕಿಸಿ ಅವರ ಮುಖವನ್ನೇ ನೋಡುತ್ತಿದ್ದೆ. "ಇದಲ್ಲ ಕಣೆ" ಎನ್ನುತ್ತಿದ್ದರು. ನನಗೆ ಬೇಜಾರಾಗದಿರಲಿ ಎಂದು ಒಮ್ಮೊಮ್ಮೆ "ಹತ್ರ ಬಂದಿದೆ" ಎನ್ನುತ್ತಿದ್ದರು. ಮನೆಯಲ್ಲೇ ಮಾಡಿಯೂ ನೋಡಿದೆ. ಹುಣಸೆಹಣ್ಣು, ಬೆಲ್ಲ, ಟೊಮೆಟೊ ಕುದಿಸಿ, ಕೆಂಡಕ್ಕೆ ತುಪ್ಪ ಬಿಟ್ಟು ಹೊಗೆ ಹಿಡಿಸಿದೆ. "ಹೋಮಕುಂಡ ನೆಕ್ಕಿದ ಹಾಗಿದೆ" ಎಂದರು. ನಾವಿಬ್ಬರೂ ಒಟ್ಟಿಗೆ ನಕ್ಕಿದ್ದು ಅದೇ ಕೊನೆ. ಅಷ್ಟರಲ್ಲಿ ಊಟ ಮತ್ತೆ ಗಂಜಿಗೆ ಇಳಿದಿತ್ತು.

ಆಮೇಲೆ ಫೋನಿನಲ್ಲಿ ಆರ್ಡರ್ ಮಾಡುವುದನ್ನು ಕಲಿತೆ. ಪಾರ್ಸೆಲ್ಲಿನವನು ಗೇಟು ಅಲ್ಲಾಡಿಸಿದರೆ ಸಾಕು, ಒಳಗೆ ಮಲಗಿದ್ದಲ್ಲಿಂದಲೇ "ಬಂತಾ?" ಎನ್ನುವರು. ಹೊರದೇಶದ್ದನ್ನು ತರಿಸಿ ಕೊಡುವ ಒಬ್ಬ ಮಾರಾಟಗಾರ ಸಿಕ್ಕಿದ. ಅವನು ಬಾಟಲಿಯ ಮುಂಭಾಗದ ಫೋಟೊ ಒಂದನ್ನೇ ಹಾಕಿದ್ದ. ಹನ್ನೆರಡು ದಿನಕ್ಕೆ ಬಂತು. ಅಡುಗೆಮನೆಯಲ್ಲಿ ನಿಂತು ಮುಚ್ಚಳ ತೆಗೆದೆ, ಬೆರಳಿಗೆ ಹಚ್ಚಿ ನೆಕ್ಕಿದೆ. ಹುಳಿ, ಕಾಕಂಬಿ, ಹೊಗೆ, ಅಡಿಯಲ್ಲಿ ಆ ಹೆಸರಿಲ್ಲದ ರುಚಿ. ಅದೇ! ಶಿವನೇ, ಅದೇ! ಕೂಗಬೇಕೆಂದು ಬಾಯಿ ತೆರೆದೆ. ಅವರಿಗೆ ಜೋಂಪು ಹತ್ತಿತ್ತು, ಎದ್ದ ಮೇಲೆ ಪನೀರ್ ಸುಟ್ಟು ಎದುರಿಗಿಟ್ಟು ಆಶ್ಚರ್ಯಪಡಿಸೋಣ ಎಂದು ಸುಮ್ಮನಾದೆ. ಫ್ರಿಜ್ಜಿನಲ್ಲಿಡಬೇಕೋ ಹೊರಗೋ ಎಂದು ನೋಡಲು ಕನ್ನಡಕ ಹಾಕಿ ಬಾಟಲಿ ತಿರುಗಿಸಿದೆ.

ಹಿಂದಿನ ಚೀಟಿಯಲ್ಲಿ ಕಂದು ಗುರುತಿತ್ತು. ಕೆಳಗೆ ಪುಟ್ಟ ಅಕ್ಷರದಲ್ಲಿ ಆಂಚೊವಿ ಎಂದಿತ್ತು. ಫೋನಿನಲ್ಲಿ ಹಾಕಿ ನೋಡಿದೆ. ಬೆರಳುದ್ದದ ಬೆಳ್ಳಿಬಣ್ಣದ ಮೀನುಗಳು, ಸಾಲಾಗಿ ಜೋಡಿಸಿದವು, ಕಣ್ಣು ಬಿಟ್ಟುಕೊಂಡಿದ್ದವು.

ಸಿಂಕಿಗೆ ಹೋಗಿ ಉಗುಳಿದೆ, ಉಪ್ಪುನೀರು ಮುಕ್ಕಳಿಸಿದೆ, ಸಬೀನದಲ್ಲಿ ಕೈ ತಿಕ್ಕಿದೆ. ನಮ್ಮ ಯಜಮಾನರು ಬೆಳಗ್ಗೆ ಸಂಜೆ ಅಂಗೈಯಲ್ಲಿ ಲಿಂಗ ಇಟ್ಟು ಪೂಜಿಸದೆ ಬಾಯಿಗೆ ನೀರು ಹಾಕಿದವರಲ್ಲ. ಗಂಟಲು ಹುಣ್ಣಾಗಿದ್ದಾಗಲೂ ಗೋಡೆ ಹಿಡಿದು ಹೋಗಿ ಮಿಂದು ಕೂತವರು. ಅಂಥವರಿಗೆ ಮೀನು ತಿನ್ನಿಸಿದ್ದೆನೇ ನಾನು? ಅದು ಗೊತ್ತಿಲ್ಲದೆ ಆದದ್ದು, ಶಿವ ಕ್ಷಮಿಸುತ್ತಾನೆ ಎಂದುಕೊಂಡೆ. ಇನ್ನು ಗೊತ್ತಿದ್ದೂ ಕೊಟ್ಟರೆ? ಕೊಡದಿದ್ದರೆ ತೂಕ ಇನ್ನೂ ಇಳಿಯುತ್ತದೆ, ಟ್ರೀಟ್‌ಮೆಂಟ್ ಇಲ್ಲ. ಹೇಳಿ ಕೇಳೋಣವೆಂದರೆ, ಆ ಜೀವ ಈ ಸ್ಥಿತಿಯಲ್ಲಿ ‘ನಾನು ಮೀನು ತಿಂದೆನೇ’ ಎಂದು ಕೊರಗಿ ಗಂಜಿಯನ್ನೂ ಬಿಟ್ಟರೆ? ಮನೆಯೊಳಗೆ ಇಡಲು ಮನಸ್ಸು ಒಪ್ಪಲಿಲ್ಲ, ಎಸೆಯಲೂ ಒಪ್ಪಲಿಲ್ಲ. ಹಳೇ ಪೇಪರಿನಲ್ಲಿ ಸುತ್ತಿ ಮೀಟರ್ ಬಾಕ್ಸಿನ ಮೂಲೆಯಲ್ಲಿಟ್ಟು ಬಂದೆ.

ಅವರು ಎದ್ದಿದ್ದರು. "ಗೇಟ್ ಸದ್ದಾಯ್ತಲ್ಲ, ಬಂತಾ?"

"ಬಂತು. ಅದೂ ಅಲ್ಲ, ಬೇರೇದು. ನಿಮ್ಮ ಸಾಸ್ ಎಲ್ಲೂ ಸಿಗಲ್ವಂತೆ, ಕಂಪನಿಯೇ ನಿಲ್ಲಿಸಿಬಿಟ್ಟಿದೆಯಂತೆ" ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು! ದಿಂಬು ಸರಿಮಾಡಲು ಬಗ್ಗಿದೆ. ಅವರು ನನ್ನ ಕೈ ಹಿಡಿದು ಮುಖದ ಹತ್ತಿರ ಒಯ್ದು ಕೆನ್ನೆಗೆ ಒತ್ತಿಕೊಂಡರು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದರು.

"ಹೋಗ್ಲಿ ಬಿಡು" ಎಂದರು.

ಆಮೇಲೆ ‘ಬಂತಾ’ ಎಂದು ಯಾವತ್ತೂ ಕೇಳಲಿಲ್ಲ. ತೂಕ ಇಳಿಯಿತು, ಎರಡನೇ ರೌಂಡ್ ಕೊಡಲೇ ಇಲ್ಲ. ಏಳು ವಾರಕ್ಕೆ ಹೋದರು. ಎಡಗೈಯಲ್ಲಿ ಲಿಂಗವಿಟ್ಟು ಕೂರಿಸಿ ಮಣ್ಣು ಮಾಡುವಾಗ ನನಗಿದ್ದ ಸಮಾಧಾನ ಒಂದೇ. ಗೊತ್ತಿದ್ದೂ ಅವರ ನೇಮ ಕೆಡಿಸಲಿಲ್ಲ, ಹಾಗೇ ಒಪ್ಪಿಸಿದೆ ಎಂದು.

ಶಿವಗಣಾರಾಧನೆಯ ಊಟಕ್ಕೆ ಬಿಟಿಎಂನಿಂದ ಆ ಹುಡುಗಿಯೂ ಬಂದಿದ್ದಳು. ಬಂದವರೆಲ್ಲ ಕೈ ತೊಳೆದು ಹೋದ ಮೇಲೂ ಹೊಸ್ತಿಲ ಹತ್ತಿರ ನಿಂತೇ ಇದ್ದಳು. "ಆಂಟಿ, ಒಂದು ಮಾತು ಹೇಳ್ಬೇಕ್ರಿ. ಬೈಬ್ಯಾಡ್ರಿ" ಎಂದು ಅಳಲು ಶುರು ಮಾಡಿದಳು. "ಆ ಸಾಸಿನ್ಯಾಗ ಮೀನು ಇತ್ರಿ. ತಾರಸಿ ಮ್ಯಾಲೆ ಕೊಡೂ ಮುಂದ ನನಗೂ ಗೊತ್ತಿರಲಿಲ್ಲ. ಆಮ್ಯಾಲೆ ಬಾಟ್ಲಿ ಓದಿದೆ. ನಿಮ್ಮ ಬೋರ್ಡ್ ನೋಡಿ ನಿಮಗ ಹೇಳಾಕ ಹೆದರಿಕಿ ಆತು. ಮರುದಿನ ನೀವು ಇಲ್ಲದಾಗ ಬಂದು ಅಂಕಲ್‌ಗ ಹೇಳಿ ತಪ್ಪಾತು ಅಂದೆ."

"ಏನಂದ್ರು?" ಎಂದೆ.

"‘ಇನ್ನೂ ಇದ್ಯಾ? ಡಬ್ಬಿಗೆ ಹಾಕಿ ಕೊಡಮ್ಮ’ ಅಂದ್ರು. ‘ಶಿವನಿಗೆ ನಾನು ಹೇಳ್ಕೋತೀನಿ, ನಿಮ್ಮ ಆಂಟಿಗೆ ಮಾತ್ರ ನೀನು ಹೇಳ್ಬೇಡ’ ಅಂದ್ರು."

ನಾನು ಅವಳನ್ನು ಬೈಯಲಿಲ್ಲ. ಬೈಗುಳವೆಲ್ಲ ಎದ್ದು ಬಂದದ್ದು ಅವರ ಮೇಲೆ. ಅಲ್ಲಾ ಕಣ್ರೀ, ನಲವತ್ತು ವರ್ಷ ಒಂದೇ ಸೂರಿನಡಿ ಬಾಳಿ, ಶಿವನ ಹತ್ತಿರ ಹೇಳಿಕೊಳ್ಳುವುದಕ್ಕೆ ಆಯಿತು, ನನ್ನ ಹತ್ತಿರ ಆಗಲಿಲ್ಲವೇ? ನಾನೇನು ಶಿವನಿಗಿಂತ ದೊಡ್ಡ ಪೀಡೆಯೇ? ಮೂರು ದಿನ ಫೋಟೊದ ಮುಂದೆ ಹೂವಿಡದೆ ಮುನಿಸಿಕೊಂಡು ಕೂತಿದ್ದೆ.

ನಾಲ್ಕನೇ ದಿನ ಬಾಟಲಿ ಎಸೆದುಬಿಡೋಣ ಎಂದು ಮೀಟರ್ ಬಾಕ್ಸಿಗೆ ಕೈ ಹಾಕಿದೆ. ಮುಚ್ಚಳದ ಅಂಚಿನಲ್ಲಿ ಒಸರಿದ್ದ ಸಾಸ್ ಬೆರಳಿಗೆ ಅಂಟಿತು. ತಿರುಗಿ ಅಲ್ಲೇ ಇಟ್ಟು ಒಳಗೆ ಹೋಗಿ ತೊಳೆದೆ. ಸೋಪು ಹಾಕಿ ತೊಳೆದೆ, ಸಬೀನದಲ್ಲಿ ತಿಕ್ಕಿದೆ. ಕೈ ಮೂಸಿ ನೋಡಿದೆ. ಹೊಗೆಯ ವಾಸನೆ ಹೋಗಿರಲಿಲ್ಲ. ರಾತ್ರಿ ಮಲಗುವವರೆಗೂ ಹೋಗಲಿಲ್ಲ.

ಬಾಟಲಿ ಬಂದ ಆ ದಿನವೂ ಹೋಗಿರಲಿಲ್ಲ. ಆ ಕೈಯನ್ನೇ ಅವರು ಕೆನ್ನೆಗೆ ಒತ್ತಿಕೊಂಡಿದ್ದು. ಸಾಸ್ ಸಿಗಲ್ಲ ಎಂಬ ನನ್ನ ಮಾತು ಕೇಳಿಸಿಕೊಂಡು, ಕೈಯ ವಾಸನೆಯನ್ನೂ ಹಿಡಿದು, ‘ಹೋಗ್ಲಿ ಬಿಡು’ ಎಂದು ಗಂಜಿ ಕುಡಿದಿದ್ದರು.